ದುಬಾರಿ ಸೋಫಾದ ಹಿಂದಿನ ಲೆಕ್ಕ: ಐಷಾರಾಮಿ ಫರ್ನಿಚರ್ ಮಾರುಕಟ್ಟೆ ನಡೆಯುವ ಬಗೆ

ಐಷಾರಾಮಿ ಫರ್ನಿಚರ್‌ನ ಜಾಗತಿಕ ಮಾರುಕಟ್ಟೆ ಎಷ್ಟು ದೊಡ್ಡದು? ಇದಕ್ಕೆ ಉತ್ತರ ಕೊಡುವ ವರದಿಗಳಿಗೆ ಬರವಿಲ್ಲ. ಆದರೆ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದರ ಮೊತ್ತ ಇನ್ನೊಂದರ ಎರಡು ಪಟ್ಟು ಇರುವುದೂ ಉಂಟು. ಬೆಳವಣಿಗೆಯ ವಿಷಯದಲ್ಲಿ ಮಾತ್ರ ಹೆಚ್ಚಿನವು ಒಂದೇ ರಾಗ ಹಾಡುತ್ತವೆ. ವರ್ಷಕ್ಕೆ ಶೇ. 4ರಿಂದ 6ರ ಆಸುಪಾಸು, ಗೆರೆ ನೆಟ್ಟಗೆ ಮೇಲಕ್ಕೆ.

ಮೊತ್ತದಲ್ಲಿ ಇಷ್ಟೊಂದು ಅಂತರ ಯಾಕೆ? ಏನನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದರಲ್ಲೇ ಒಮ್ಮತವಿಲ್ಲ. ಒಬ್ಬರು ಸೋಫಾ, ಮಂಚ, ಮೇಜು, ಕುರ್ಚಿ ಮಾತ್ರ ಎಣಿಸುತ್ತಾರೆ. ಇನ್ನೊಬ್ಬರು ಅಡುಗೆಮನೆಯ ಕಪಾಟು, ದೀಪ, ಬಚ್ಚಲುಮನೆಯ ಸಾಮಾನು, ಊಟದ ತಟ್ಟೆಯನ್ನೂ ಸೇರಿಸುತ್ತಾರೆ. ಕಾರ್ಖಾನೆಯಿಂದ ಹೊರಟಾಗಿನ ಬೆಲೆ ಹಿಡಿಯಬೇಕೋ, ಶೋರೂಮ್‌ನ ಚೀಟಿಯ ಬೆಲೆ ಹಿಡಿಯಬೇಕೋ ಎಂಬುದು ಇನ್ನೊಂದು ತಕರಾರು. ಒಂದೇ ಕುರ್ಚಿಯ ಈ ಎರಡು ಬೆಲೆಗಳ ನಡುವೆ ಭಾರಿ ಅಂತರವಿರುತ್ತದೆ. ಹೋಟೆಲ್‌ಗಳಿಗೆ ಸಗಟಾಗಿ ಹೋದ ಮಾಲಿನ ಕಥೆಯೂ ಹೀಗೆಯೇ. ಕೆಲವರ ಲೆಕ್ಕದಲ್ಲಿ ಇದೆ, ಕೆಲವರದ್ದರಲ್ಲಿ ಇಲ್ಲ.

ಇದ್ದುದರಲ್ಲಿ ನಂಬಬಹುದಾದ ಅಂದಾಜು ಇಟಲಿಯ ಐಷಾರಾಮಿ ಕಂಪನಿಗಳ ಕೂಟವಾದ ಆಲ್ಟಗಾಮಾ ಮತ್ತು ಸಲಹಾ ಸಂಸ್ಥೆ ಬೇನ್ ಸೇರಿ ಪ್ರತಿ ವರ್ಷ ಕೊಡುವಂಥದ್ದು. ಅದರ ಪ್ರಕಾರ ಉನ್ನತ ಮಟ್ಟದ ಫರ್ನಿಚರ್ ಮತ್ತು ಮನೆ ಸಾಮಾನಿನ ವಹಿವಾಟು ವರ್ಷಕ್ಕೆ ಸುಮಾರು 5,000 ಕೋಟಿ ಯೂರೋ. ಕೇಳಲು ದೊಡ್ಡದು. ಆದರೆ ಕಾರು, ಹೋಟೆಲ್, ವೈನ್, ಬ್ಯಾಗು, ವಾಚು ಎಲ್ಲ ಸೇರಿದ ಐಷಾರಾಮಿ ಲೋಕದ ಒಟ್ಟು ಖರ್ಚು ಸುಮಾರು 1.5 ಲಕ್ಷ ಕೋಟಿ ಯೂರೋ. ಅದರಲ್ಲಿ ಫರ್ನಿಚರ್ ಪಾಲು ಶೇ. 3ರಷ್ಟು ಮಾತ್ರ.

ಈ ಸಣ್ಣ ಪಾಲಿಗೆ ಕಾರಣವಿದೆ. ದುಬಾರಿ ಬ್ಯಾಗು ಹೆಗಲ ಮೇಲೆ ಕೂತು ಊರೆಲ್ಲ ಸುತ್ತುತ್ತದೆ. ಸೋಫಾ ಮನೆಯೊಳಗೇ ಇರುತ್ತದೆ, ಅದರ ಮೇಲೆ ಹೆಸರೂ ಕಾಣುವುದಿಲ್ಲ. ರೋಲೆಕ್ಸ್, ಗುಚ್ಚಿ ಯಾರಿಗೆ ಗೊತ್ತಿಲ್ಲ? ಆದರೆ ಮಿನೋಟ್ಟಿ, ಪೋಲಿಫಾರ್ಮ್, ಮೊಲ್ಟೆನಿ ಎಂದರೆ ಕಟ್ಟಡ ವಿನ್ಯಾಸದ ಕ್ಷೇತ್ರದವರನ್ನು ಬಿಟ್ಟು ಉಳಿದವರು ಸುಮ್ನೆ ಮುಖ ನೋಡುತ್ತಾರೆ. ಇವು ಈ ಕ್ಷೇತ್ರದ ಅತಿ ದೊಡ್ಡ ಹೆಸರುಗಳು. ಇನ್ನೂ ಮುಖ್ಯವಾದ ವ್ಯತ್ಯಾಸ ಒಂದಿದೆ. ಬ್ಯಾಗನ್ನು ಯಾವತ್ತು ಬೇಕಾದರೂ ಕೊಳ್ಳಬಹುದು. ಹದಿನೈದು ಸಾವಿರ ಯೂರೋ ಬೆಲೆಯ ಸೋಫಾವನ್ನು ಜನ ಕೊಳ್ಳುವುದು ಸಾಮಾನ್ಯವಾಗಿ ಮನೆ ಬದಲಾಯಿಸಿದಾಗ, ಇಲ್ಲವೇ ಮನೆಯನ್ನು ಕೆಡವಿ ಹೊಸದು ಮಾಡಿದಾಗ.

ಈ ಮಾರುಕಟ್ಟೆಯ ಏರಿಳಿತವನ್ನು ಅರ್ಥ ಮಾಡಿಕೊಳ್ಳಲು ನನ್ನ ಪ್ರಕಾರ ಇದೊಂದು ಸಂಗತಿ ಸಾಕು. ಎಷ್ಟು ಮಂದಿ ಶ್ರೀಮಂತರಾದರು ಎಂದು ನೋಡಿದರೆ ಅರ್ಧ ಉತ್ತರ. ಎಷ್ಟು ಮನೆಗಳು ಕೈ ಬದಲಾಯಿಸಿದವು ಎಂದು ನೋಡಿದರೆ ಉಳಿದರ್ಧ.

ಕೋವಿಡ್ ಏರಿಸಿತು, ಬಡ್ಡಿ ಇಳಿಸಿತು

2020ರಿಂದೀಚೆಗೆ ಆಗಿದ್ದನ್ನೇ ನೋಡಿ. ಲಾಕ್‌ಡೌನ್‌ನಲ್ಲಿ ಪ್ರವಾಸವಿಲ್ಲ, ಹೋಟೆಲ್ ಇಲ್ಲ. ದುಡ್ಡಿದ್ದವರು ಮನೆಯಲ್ಲೇ ಕೂತು ಮನೆಯ ಕುಂದುಕೊರತೆ ಹುಡುಕತೊಡಗಿದರು. ಅಮೆರಿಕದಲ್ಲಿ ಗೃಹಸಾಲದ ಬಡ್ಡಿ ಶೇ. 3ರ ಹತ್ತಿರಕ್ಕೆ ಬಂದಿತ್ತು. ನಗರ ಬಿಟ್ಟು ದೊಡ್ಡ ಮನೆಗೆ ಹೋಗುವವರ ಸಾಲೇ ಹೊರಟಿತು. ಆರ್ಡರ್‌ಗಳು ಒಮ್ಮೆಲೇ ಬಂದು ಬಿದ್ದವು.

ಬೇಡಿಕೆ ಬಂತು, ಆದರೆ ಮಾಲು ಬರಲಿಲ್ಲ. ಹಡಗಿನ ಕಂಟೇನರ್ ಬಾಡಿಗೆ ಕೆಲವು ಮಾರ್ಗಗಳಲ್ಲಿ ಹತ್ತು ಪಟ್ಟು ಏರಿತು. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹಿಮಗಟ್ಟಿ, ಅಲ್ಲಿನ ರಾಸಾಯನಿಕ ಕಾರ್ಖಾನೆಗಳು ನಿಂತವು. ಕುಶನ್‌ಗೆ ಬೇಕಾದ ಪಾಲಿಯುರೆಥೇನ್ ಫೋಮ್‌ನ ಕಚ್ಚಾವಸ್ತು ಅಲ್ಲಿಂದಲೇ ಬರಬೇಕಿತ್ತು. ಫೋಮ್ ಇಲ್ಲದೆ ಸೋಫಾದ ಚೌಕಟ್ಟುಗಳು ಕಾರ್ಖಾನೆಗಳಲ್ಲಿ ರಾಶಿ ಬಿದ್ದವು.

ಆಮೇಲೆ ಬಡ್ಡಿ ಏರಿತು. ಅಮೆರಿಕದ ಕೇಂದ್ರ ಬ್ಯಾಂಕು ಸೊನ್ನೆಯ ಹತ್ತಿರವಿದ್ದ ದರವನ್ನು 2023ರ ಜುಲೈ ಹೊತ್ತಿಗೆ ಶೇ. 5.25–5.5ಕ್ಕೆ ತಂದಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಗೃಹಸಾಲದ ಬಡ್ಡಿ ಶೇ. 8ರ ಸಮೀಪ ಬಂತು. ಶೇ. 3ರ ಸಾಲದಲ್ಲಿ ಆರಾಮವಾಗಿದ್ದವರು ಅದನ್ನು ಬಿಟ್ಟು ಶೇ. 8ರ ಹೊಸ ಸಾಲಕ್ಕೆ ಯಾಕೆ ಹೋಗುತ್ತಾರೆ? ಇದ್ದಲ್ಲೇ ಉಳಿದರು. 2023ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಹಳೆಯ ಮನೆಗಳ ಸಂಖ್ಯೆ ಸುಮಾರು 41 ಲಕ್ಷ. 1995ರ ನಂತರದ ಅತಿ ಕಡಿಮೆ. 2024ರಲ್ಲಿ ಅದಕ್ಕಿಂತಲೂ ತುಸು ಕಡಿಮೆ.

ಇದರ ಪರಿಣಾಮ ಆರ್‌ಎಚ್ ಎಂಬ ಅಮೆರಿಕದ ದುಬಾರಿ ಫರ್ನಿಚರ್ ಕಂಪನಿಯ ಲೆಕ್ಕಪತ್ರದಲ್ಲಿ ಸೊಗಸಾಗಿ ಕಾಣುತ್ತದೆ. 2021ರ ಆರ್ಥಿಕ ವರ್ಷದಲ್ಲಿ ಅದರ ವಹಿವಾಟು ಸುಮಾರು 376 ಕೋಟಿ ಡಾಲರ್. ಎರಡು ವರ್ಷದ ನಂತರ ಸುಮಾರು 303 ಕೋಟಿ. ಮಿಚೆಲ್ ಗೋಲ್ಡ್ ಪ್ಲಸ್ ಬಾಬ್ ವಿಲಿಯಮ್ಸ್ ಎಂಬ ಹೆಸರಾಂತ ಸೋಫಾ ಕಂಪನಿಗೆ ಅಷ್ಟೂ ತಾಳಿಕೆಯಿರಲಿಲ್ಲ. 2023ರ ಆಗಸ್ಟ್‌ನಲ್ಲಿ ದಿಢೀರನೆ ಬಾಗಿಲು ಹಾಕಿತು. ಚೀನಾದಲ್ಲೂ ಇದೇ ಹೊತ್ತಿಗೆ ಎವರ್‌ಗ್ರಾಂಡೆಯಂಥ ದೈತ್ಯ ಬಿಲ್ಡರ್‌ಗಳು ಸಾಲದಲ್ಲಿ ಮುಳುಗಿದವು, ಹೊಸ ಫ್ಲ್ಯಾಟುಗಳ ಮಾರಾಟ ಕುಸಿಯಿತು. ಇಟಲಿಯವರು ಬಹಳ ನಂಬಿಕೊಂಡಿದ್ದ ಮಾರುಕಟ್ಟೆ ಅದು.

ಈ ವ್ಯಾಪಾರದಲ್ಲಿ ಲೆಕ್ಕಪತ್ರ ಓದುವಾಗ ಒಂದು ಎಚ್ಚರ ಬೇಕು. ದುಬಾರಿ ಸೋಫಾ ರೆಡಿಯಾಗಿ ಗೋದಾಮಿನಲ್ಲಿ ಇರುವುದಿಲ್ಲ. ಗಿರಾಕಿ ಅಳತೆ, ಬಟ್ಟೆ, ಚರ್ಮ, ಕಾಲಿನ ಬಣ್ಣ ಆರಿಸಿದ ಮೇಲೆಯೇ ಕತ್ತರಿ ಕೈಗೆ ಬರುತ್ತದೆ. ಮನೆಗೆ ತಲುಪಲು ಎರಡರಿಂದ ನಾಲ್ಕು ತಿಂಗಳು ಮಾಮೂಲು, ಕೋವಿಡ್ ಕಾಲದಲ್ಲಿ ಇನ್ನೂ ಜಾಸ್ತಿ. ಮಾಲು ತಲುಪಿದಾಗ ಮಾತ್ರ ಅದು ಕಂಪನಿಯ ಆದಾಯ. ಹಾಗಾಗಿ 2022ರಲ್ಲಿ ಹೊಸ ಆರ್ಡರ್‌ಗಳು ಬತ್ತುತ್ತಿದ್ದಾಗಲೂ ಹಳೆಯ ಆರ್ಡರ್‌ಗಳ ಬಲದಿಂದ ಅಂಕಿಗಳು ಚೆನ್ನಾಗಿಯೇ ಕಂಡವು. ಆಗಿನ ವರದಿಗಳು ಅದನ್ನೇ ಮುಂದಕ್ಕೆ ಎಳೆದು ಗೆರೆ ಹಾಕಿದವು.

ಬೆಲೆ ಎಲ್ಲಿಂದ ಬರುತ್ತದೆ

ಮಿಲಾನ್‌ನ ಉತ್ತರಕ್ಕೆ ಬ್ರಿಯಾಂಜಾ ಎಂಬ ಪ್ರದೇಶವಿದೆ. ಮೇದಾ, ಕಾಂತು, ಲಿಸ್ಸೋನೆ, ಜುಸ್ಸಾನೊ, ಹೀಗೆ ಒಂದಕ್ಕೊಂದು ಅಂಟಿಕೊಂಡ ಸಣ್ಣ ಊರುಗಳು. ಮೊಲ್ಟೆನಿ 1934ರಲ್ಲಿ ಜುಸ್ಸಾನೊದಲ್ಲಿ ಶುರುವಾಯಿತು. ಕಾಸಿನಾ 1927ರಲ್ಲಿ, ಮಿನೋಟ್ಟಿ 1948ರಲ್ಲಿ, ಫ್ಲೆಕ್ಸ್‌ಫಾರ್ಮ್ 1959ರಲ್ಲಿ ಶುರುವಾದದ್ದು ಮೇದಾ ಎಂಬ ಆ ಒಂದೇ ಪುಟ್ಟ ಊರಿನಲ್ಲಿ. ದೊಡ್ಡ ಹೆಸರುಗಳ ಸುತ್ತ ನೂರಾರು ಸಣ್ಣ ಕಾರ್ಖಾನೆಗಳಿವೆ. ಒಬ್ಬರು ಮರ ಬಗ್ಗಿಸುತ್ತಾರೆ, ಒಬ್ಬರು ಬರೀ ಪಾಲಿಶ್, ಇನ್ನೊಬ್ಬರು ಕಬ್ಬಿಣದ ಕಾಲು. ಹೊಸ ವಿನ್ಯಾಸದ ಮಾದರಿ ಬೇಕೆಂದರೆ ಇವರೆಲ್ಲ ಕೂಗಳತೆಯಲ್ಲಿ ಸಿಗುತ್ತಾರೆ. ಬೇರೆ ದೇಶಗಳು ಯಂತ್ರ ಕೊಂಡವು, ವಿನ್ಯಾಸಕಾರರನ್ನು ಕರೆಸಿಕೊಂಡವು, ಆದರೆ ಈ ನೆರೆಹೊರೆಯನ್ನು ಕಟ್ಟಲು ಆಗಲಿಲ್ಲ.

1961ರಲ್ಲಿ ರಫ್ತು ಹೆಚ್ಚಿಸಲೆಂದು ಮಿಲಾನ್‌ನಲ್ಲಿ ಶುರುವಾದ ಸಲೋನೆ ದೆಲ್ ಮೊಬಿಲೆ ಮೇಳ ಇಂದು ಈ ವ್ಯಾಪಾರದ ದೊಡ್ಡ ಜಾತ್ರೆ. 2020ರಲ್ಲಿ ಕೋವಿಡ್‌ನಿಂದ ರದ್ದಾಯಿತು. 2024ರಲ್ಲಿ 3.7 ಲಕ್ಷ ಜನ ಬಂದಿದ್ದರು.

ಎಲ್ಲವೂ ಕೈಕೆಲಸ ಎಂದುಕೊಳ್ಳುವುದು ಬೇಡ. 1966ರಲ್ಲಿ ಪಿಯೆರೊ ಆಂಬ್ರೋಜೊ ಬುಸ್ನೆಲ್ಲಿ ಶುರು ಮಾಡಿದ ಕಂಪನಿ (ಇಂದಿನ ಬಿ ಆಂಡ್ ಬಿ ಇಟಾಲಿಯಾ) ಹೆಸರು ಮಾಡಿದ್ದು ಫೋಮನ್ನು ಅಚ್ಚಿನಲ್ಲಿ ಎರಕ ಹೊಯ್ಯುವ ತಂತ್ರದಿಂದ. ಅದು ಅಪ್ಪಟ ಕಾರ್ಖಾನೆ ಕೆಲಸ. ಇನ್ನೊಂದು ತುದಿಯಲ್ಲಿ ಡೆನ್ಮಾರ್ಕಿನ ಕಾರ್ಲ್ ಹಾನ್ಸೆನ್ ಕಂಪನಿಯ ವಿಶ್‌ಬೋನ್ ಕುರ್ಚಿ ಇದೆ. ಹಾನ್ಸ್ ವೆಗ್ನರ್ ರೂಪಿಸಿದ ಇದು 1950ರಿಂದ ನಿಲ್ಲದೆ ತಯಾರಾಗುತ್ತಿದೆ. ನೂರಕ್ಕೂ ಹೆಚ್ಚು ಹಂತಗಳ ಕೆಲಸ. ಸೀಟಿಗೆ ಕಾಗದದ ಹುರಿಯನ್ನು ಹೊಸೆದು ಹೆಣೆಯುತ್ತಾರೆ, ಒಂದು ಕುರ್ಚಿಗೆ ಸುಮಾರು 120 ಮೀಟರ್ ಬೇಕು. ಆ ಹೆಣಿಗೆ ಇಂದಿಗೂ ಕೈಯಲ್ಲೇ.

ಆದರೂ ಗಿರಾಕಿ ಕೊಡುವ ಬೆಲೆಯಲ್ಲಿ ಮರ, ಚರ್ಮ, ಕೂಲಿ ಎಲ್ಲ ಸೇರಿ ಒಂದು ಭಾಗ ಅಷ್ಟೇ. ದುಬಾರಿ ಬೀದಿಯಲ್ಲಿ ವಿಶಾಲವಾದ ಶೋರೂಮ್ ಬೇಕು. ಅಲ್ಲಿ ದಿನಕ್ಕೆ ನಾಲ್ಕಾರು ಜನ ಬಂದರೆ ಹೆಚ್ಚು. ವಿತರಕನ ಪಾಲಿದೆ. ದೊಡ್ಡ ಸಾಮಾನನ್ನು ಗೀರು ಬೀಳದಂತೆ ಸಾಗಿಸುವ ಖರ್ಚಿದೆ. ಇವೆಲ್ಲಕ್ಕಿಂತ ಕುತೂಹಲದ್ದು ಇಂಟೀರಿಯರ್ ಡಿಸೈನರ್ ಮತ್ತು ವಾಸ್ತುಶಿಲ್ಪಿಯ ಪಾಲು. ಮನೆಯ ಯಜಮಾನ ಹಣ ಕೊಡುತ್ತಾನೆ, ಸಾಮಾನು ಆರಿಸುವುದು ಬಹುಪಾಲು ಇವರೇ. ಕಂಪನಿಗಳು ಇವರಿಗೆ ವಿಶೇಷ ರಿಯಾಯಿತಿ ಕೊಡುತ್ತವೆ. ಆ ರಿಯಾಯಿತಿ ಗಿರಾಕಿಗೆ ಎಷ್ಟು ತಲುಪುತ್ತದೆ, ಡಿಸೈನರ್ ಬಳಿ ಎಷ್ಟು ಉಳಿಯುತ್ತದೆ ಎಂಬುದು ಅವರವರ ಒಪ್ಪಂದ. ಹಾಗಾಗಿ ಚೀಟಿಯ ಮೇಲಿನ ಪೂರ್ತಿ ಬೆಲೆ ಕೊಡುವುದು ನೇರವಾಗಿ ಶೋರೂಮ್‌ಗೆ ನಡೆದು ಬಂದವರು ಮಾತ್ರ ಅಂದರೂ ನಡೆಯುತ್ತದೆ.

ಆರ್‌ಎಚ್ ಈ ಪದ್ಧತಿಯನ್ನೇ ಬದಲಿಸಿತು. 2016ರಲ್ಲಿ ಸೀಸನ್ ಡಿಸ್ಕೌಂಟ್‌ಗಳನ್ನು ಕೈಬಿಟ್ಟು ವರ್ಷಕ್ಕೆ 100 ಡಾಲರ್ ಸದಸ್ಯತ್ವ ತಂದಿತು. ಆಗ ಸದಸ್ಯರಾದರೆ ಪೂರ್ಣ ಬೆಲೆಯ ಸಾಮಾನಿನ ಮೇಲೆಲ್ಲ ಶೇ. 25 ಕಡಿತ ಸಿಗುತ್ತಿತ್ತು. ಒಂದು ಸೋಫಾ ಕೊಂಡರೂ ಸದಸ್ಯತ್ವದ ಹಣ ಹಲವು ಪಟ್ಟು ವಾಪಸ್, ಹಾಗಾಗಿ ಬೇಡ ಅನ್ನುವವರೇ ಇಲ್ಲ. ಅಂಗಡಿಗಳನ್ನು ಅರಮನೆಯಂತೆ ಕಟ್ಟಿ ಒಳಗೆ ರೆಸ್ಟೋರೆಂಟ್ ಇಟ್ಟಿತು. 2023ರಲ್ಲಿ ಇಂಗ್ಲೆಂಡಿನ ಆಯ್ನೋ ಪಾರ್ಕ್ ಎಂಬ ಹಳೆಯ ಬಂಗಲೆಯಲ್ಲಿ, 2025ರಲ್ಲಿ ಪ್ಯಾರಿಸ್‌ನ ಶಾಂಜೆಲಿಜೆಯಲ್ಲಿ ತೆರೆಯಿತು. ಮನೆ ಮಾರಾಟ ಮಲಗಿದ್ದ ಕಾಲದಲ್ಲಿ ಇಷ್ಟು ಖರ್ಚು ಮಾಡುವುದು ಎದೆಗಾರಿಕೆಯೋ ದುಡುಕೋ, ಎರಡೂ ವಾದಕ್ಕೆ ಜನರಿದ್ದಾರೆ.

ಹೊಸತು ಕಡಿಮೆ, ಹಳೆಯದೇ ಜಾಸ್ತಿ

ಈ ಮಾರುಕಟ್ಟೆಯ ದೊಡ್ಡ ಪ್ರವೃತ್ತಿ ಯಾವುದು ಎಂದರೆ ಹಲವರು ಪರಿಸರ, ತಂತ್ರಜ್ಞಾನ ಅನ್ನುತ್ತಾರೆ. ನನಗೆ ಕಾಣುವುದು ಹಳೆಯ ವಿನ್ಯಾಸಗಳ ಹಿಡಿತ. ಬಾರ್ಸಿಲೋನಾ ಕುರ್ಚಿ 1929ರದ್ದು. ಕಾಸಿನಾ ತಯಾರಿಸುವ ಉದ್ದನೆಯ ಒರಗು ಕುರ್ಚಿ 1928ರದ್ದು. ಅದನ್ನು ರೂಪಿಸಿದವರು ಲೆ ಕಾರ್ಬೂಸಿಯೆ, ಪಿಯೆರ್ ಜಾನ್ನರೆ, ಶಾರ್ಲೊಟ್ ಪೆರಿಯಾಂ. ಅಮೆರಿಕದ ಈಮ್ಸ್ ದಂಪತಿ ರೂಪಿಸಿದ ಈಮ್ಸ್ ಲೌಂಜ್ ಕುರ್ಚಿ 1956ರದ್ದು. ಮಾರಿಯೊ ಬೆಲ್ಲಿನಿ 1970ರಲ್ಲಿ ರೂಪಿಸಿದ ಕಮಾಲೆಯೊಂಡಾ ಸೋಫಾ ಹಲವು ವರ್ಷ ತಯಾರಿಕೆಯಲ್ಲೇ ಇರಲಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಅದರ ಹಳೆಯ ಪ್ರತಿಗಳಿಗೆ ಬೇಡಿಕೆ ಹುಚ್ಚೆದ್ದಿತು. 2020ರಲ್ಲಿ ಬಿ ಆಂಡ್ ಬಿ ಅದನ್ನು ಮತ್ತೆ ಹೊರತಂದಿತು. ಈ ಸಲ ಬಿಚ್ಚಿ ಬೇರ್ಪಡಿಸಿ ಮರುಬಳಕೆ ಮಾಡಲು ಬರುವಂತೆ.

ಕಂಪನಿಗಳಿಗೆ ಇದರಲ್ಲಿ ಲಾಭವಿದೆ. ಹೊಸ ಸೋಫಾ ಓಡುತ್ತದೋ ಇಲ್ಲವೋ ಗೊತ್ತಿಲ್ಲ. ಐವತ್ತು ವರ್ಷ ಓಡಿದ್ದು ಮುಂದೆಯೂ ಓಡುತ್ತದೆ. ಬೆಲೆಯನ್ನೂ ಏರಿಸುತ್ತಾ ಹೋಗಬಹುದು. ಈಮ್ಸ್ ಲೌಂಜ್ ಕುರ್ಚಿ ಬಂದಾಗ 310 ಡಾಲರ್. ಹಣದುಬ್ಬರ ಸೇರಿಸಿದರೆ ಇಂದಿನ ಸುಮಾರು 3,600 ಡಾಲರ್. ಈಗ ಅಂಗಡಿಯಲ್ಲಿ ಅದರ ಬೆಲೆ ಅದಕ್ಕಿಂತ ಬಹಳ ಮೇಲೆ. ತಯಾರಿಸುವ ವಿಧಾನ ಮಾತ್ರ ಹೆಚ್ಚುಕಡಿಮೆ ಅದೇ.

ಹಳೆಯ ವಿನ್ಯಾಸದಿಂದ ದುಡ್ಡು ಮಾಡಬೇಕಾದರೆ ನಕಲು ತಡೆಯಬೇಕು. ಅದಕ್ಕೆ ಕಾನೂನು ಬೇಕು. ಬ್ರಿಟನ್ನಿನಲ್ಲಿ ಕಾರ್ಖಾನೆಯಲ್ಲಿ ತಯಾರಾದ ಕಲಾವಸ್ತುವಿಗೆ ಹಕ್ಕುಸ್ವಾಮ್ಯ 25 ವರ್ಷ ಮಾತ್ರ ಸಿಗುತ್ತಿತ್ತು. 2016ರಲ್ಲಿ ಆ ಮಿತಿ ಹೋಯಿತು. ವಿನ್ಯಾಸಕಾರ ತೀರಿಕೊಂಡು 70 ವರ್ಷದವರೆಗೂ ರಕ್ಷಣೆ ಎಂದಾಯಿತು. ಅಗ್ಗದ ನಕಲು ಮಾರುತ್ತಿದ್ದ ಅಂಗಡಿಗಳು ದಾಸ್ತಾನು ಖಾಲಿ ಮಾಡಿಕೊಳ್ಳಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಕ್ವಾಂಟಮ್ ಎಂಬ ಅಂಗಡಿ ಸರಣಿ ಮತ್ತು ಸ್ವಿಟ್ಜರ್ಲೆಂಡಿನ ಫರ್ನಿಚರ್ ಕಂಪನಿ ವಿಟ್ರಾ ನಡುವಿನ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ವಿನ್ಯಾಸ ಅಮೆರಿಕದ್ದಾದರೂ ಒಕ್ಕೂಟದ ದೇಶಗಳು ತಮ್ಮವರದ್ದಕ್ಕೆ ಕೊಡುವ ರಕ್ಷಣೆಯನ್ನೇ ಅದಕ್ಕೂ ಕೊಡಬೇಕು ಎಂದಿತು.

ಆ ವ್ಯಾಜ್ಯದ ಕೇಂದ್ರದಲ್ಲಿದ್ದದ್ದು ಈಮ್ಸ್ ದಂಪತಿಯ ಪ್ಲಾಸ್ಟಿಕ್ ಸೀಟಿನ ಕುರ್ಚಿ. ಅದರ ಬೇರು ಇರುವುದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1948ರಲ್ಲಿ ನಡೆಸಿದ ಒಂದು ಸ್ಪರ್ಧೆಯಲ್ಲಿ. ಸ್ಪರ್ಧೆಯ ವಿಷಯ: ಕಡಿಮೆ ಬೆಲೆಯ ಫರ್ನಿಚರ್! ಎಲ್ಲರ ಕೈಗೆಟುಕಲಿ ಎಂದು ಹುಟ್ಟಿದ್ದನ್ನು ಅಗ್ಗದಲ್ಲಿ ಮಾರಬಾರದು ಎಂದು ಯುರೋಪಿನ ಅತ್ಯುನ್ನತ ಕೋರ್ಟಿನವರೆಗೂ ಹೋದರು. ವಿನ್ಯಾಸಕಾರರಿಗೆ ಹಕ್ಕು ಬೇಕು, ಸರಿಯೇ. ಆದರೂ ನಗು ಬರುತ್ತದೆ ಅಲ್ವಾ?

ಹರಾಜಿನ ಲೋಕದಲ್ಲಿ ಇದು ಇನ್ನೂ ವಿಪರೀತ. 2009ರಲ್ಲಿ ಪ್ಯಾರಿಸ್‌ನಲ್ಲಿ ಈವ್ ಸಾಂ ಲೊರಾಂ ಸಂಗ್ರಹದ ಹರಾಜಿನಲ್ಲಿ ಐಲೀನ್ ಗ್ರೇ ರೂಪಿಸಿದ ಒಂದು ತೋಳುಕುರ್ಚಿ ಸುಮಾರು 2 ಕೋಟಿ 19 ಲಕ್ಷ ಯೂರೋಗೆ ಹೋಯಿತು. ಮಾರ್ಕ್ ನ್ಯೂಸನ್‌ನ ಅಲ್ಯೂಮಿನಿಯಂ ಹೊದಿಕೆಯ ಲಾಕ್‌ಹೀಡ್ ಲೌಂಜ್ ಎಂಬ ಒರಗು ಆಸನ 2015ರಲ್ಲಿ 24 ಲಕ್ಷ ಪೌಂಡ್ ದಾಟಿತು. ಚಂಡೀಗಢದ ಸರ್ಕಾರಿ ಕಚೇರಿಗಳಿಗೆ ಜಾನ್ನರೆ 1950ರ ದಶಕದಲ್ಲಿ ಮಾಡಿಸಿದ ತೇಗದ ಕುರ್ಚಿಗಳ ಕಥೆ ಇನ್ನೊಂದು ಬಗೆ. ಮುರಿದವೆಂದು ಅವನ್ನು ಗುಜರಿ ಬೆಲೆಗೆ ಮಾರುತ್ತಿದ್ದರು. ಫ್ರಾನ್ಸಿನ ವ್ಯಾಪಾರಿಗಳು ಕೊಂಡು, ದುರಸ್ತಿ ಮಾಡಿಸಿ, ಹರಾಜಿಗಿಟ್ಟು ದುಡ್ಡು ಎಣಿಸಿದರು. ಆಮೇಲೆ ಕಾಸಿನಾ ಅದೇ ಮಾದರಿಯ ಹೊಸ ಕುರ್ಚಿಗಳನ್ನು ತಯಾರಿಸತೊಡಗಿತು.

ಮಾಲೀಕರು ಬದಲಾಗುತ್ತಿದ್ದಾರೆ

ಹೆಸರುಗಳು ಹಳೆಯವೇ, ಅವುಗಳ ಹಿಂದಿರುವ ಜನ ಬೇರೆ. ಪೋಲ್ಟ್ರೋನಾ ಫ್ರಾವು, ಕಾಸಿನಾ, ಕಾಪೆಲ್ಲಿನಿ ಮೂರೂ ಇದ್ದ ಗುಂಪನ್ನು 2014ರಲ್ಲಿ ಅಮೆರಿಕದ ಕಚೇರಿ ಫರ್ನಿಚರ್ ಕಂಪನಿ ಹಾವರ್ತ್ ಕೈವಶ ಮಾಡಿಕೊಂಡಿತು. 2018ರಲ್ಲಿ ಇನ್ವೆಸ್ಟ್‌ಇಂಡಸ್ಟ್ರಿಯಲ್ ಮತ್ತು ಕಾರ್ಲೈಲ್ ಎಂಬ ಹೂಡಿಕೆ ಸಂಸ್ಥೆಗಳು ಬಿ ಆಂಡ್ ಬಿ ಇಟಾಲಿಯಾ, ದೀಪಗಳ ಫ್ಲೋಸ್, ಲೂಯಿಸ್ ಪೋಲ್ಸೆನ್‌ಗಳನ್ನು ಒಂದೇ ಚಾವಡಿಗೆ ತಂದವು. 2021ರಲ್ಲಿ ಹರ್ಮನ್ ಮಿಲ್ಲರ್ ಸುಮಾರು 180 ಕೋಟಿ ಡಾಲರ್‌ಗೆ ನೋಲ್ ಕಂಪನಿಯನ್ನು ಕೊಂಡು ಮಿಲ್ಲರ್‌ನೋಲ್ ಆಯಿತು.

ಕುಟುಂಬಗಳು ಯಾಕೆ ಮಾರುತ್ತವೆ? ಅಜ್ಜ ಕಟ್ಟಿದ ಕಾರ್ಖಾನೆ ಮೊಮ್ಮಕ್ಕಳ ಕಾಲಕ್ಕೆ ಹತ್ತು ಪಾಲುದಾರರ ಆಸ್ತಿಯಾಗಿರುತ್ತದೆ. ನ್ಯೂಯಾರ್ಕ್, ಶಾಂಘೈ, ದುಬೈ ಎಲ್ಲ ಕಡೆ ಶೋರೂಮ್ ಇಡಲು ಬೇಕಾದ ಬಂಡವಾಳ ಒಂದು ಮಧ್ಯಮ ಗಾತ್ರದ ಕಂಪನಿಗೆ ಕಷ್ಟ. ಕೊಳ್ಳುವವರಿಗೂ ಲೆಕ್ಕವಿದೆ. ಸೋಫಾ, ದೀಪ, ಅಡುಗೆಮನೆ ಮೂರನ್ನೂ ಒಟ್ಟಿಗೆ ಕೊಡಬಲ್ಲವರಿಗೆ ಇಡೀ ಕಟ್ಟಡದ ಗುತ್ತಿಗೆ ಸಿಗುತ್ತದೆ.

ಆ ಗುತ್ತಿಗೆಯೇ ಈಗ ಬೆಳವಣಿಗೆಯ ಮುಖ್ಯ ದಾರಿ. ಹೋಟೆಲ್, ವಿಹಾರ ನೌಕೆ, ದುಬಾರಿ ಅಪಾರ್ಟ್‌ಮೆಂಟ್. ಫ್ಯಾಷನ್ ಮನೆತನಗಳು ಇದಕ್ಕೆ ಸೇರಿಕೊಂಡಿವೆ. ವರ್ಸಾಚೆ 1992ರಲ್ಲಿ, ಅರ್ಮಾನಿ 2000ದಲ್ಲಿ, ಲೂಯಿ ವಿಟಾನ್ 2012ರಲ್ಲಿ ಮನೆ ಸಾಮಾನಿಗೆ ಇಳಿದವು. 2010ರಲ್ಲಿ ತೆರೆದ ಬುರ್ಜ್ ಖಲೀಫಾದಲ್ಲಿ ಅರ್ಮಾನಿ ಹೆಸರಿನ ಹೋಟೆಲ್ಲೂ ಇದೆ, ಮನೆಗಳೂ ಇವೆ. ಮಯಾಮಿ ಪ್ರದೇಶದಲ್ಲಿ ಪೋರ್ಷೆ ಡಿಸೈನ್ ಗೋಪುರವಿದೆ, ಆಸ್ಟನ್ ಮಾರ್ಟಿನ್ ಗೋಪುರವಿದೆ. ಬಿಲ್ಡರ್‌ಗೆ ಹೆಸರಿನಿಂದ ಚದರಡಿಗೆ ಜಾಸ್ತಿ ಬೆಲೆ ಸಿಗುತ್ತದೆ. ಫರ್ನಿಚರ್ ಕಂಪನಿಗೆ ನೂರಾರು ಮನೆಗಳ ಆರ್ಡರ್ ಒಮ್ಮೆಗೇ ಸಿಗುತ್ತದೆ. ತೊಂದರೆಯೂ ಇದರಲ್ಲೇ ಇದೆ. ಬಿಲ್ಡರ್ ನಿಂತರೆ ಆರ್ಡರ್ ಪೂರ್ತಿ ನಿಲ್ಲುತ್ತದೆ.

ಮರ ಮತ್ತು ಸುಂಕ

ಮರದ ಮೂಲ ಕೇಳುವ ಕಾಲ ಬಂದಿದೆ. ಬ್ರೆಜಿಲ್‌ನ ರೋಸ್‌ವುಡ್‌ನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲೇ ಕಡಿವಾಣ ಬಿತ್ತು. ಈಮ್ಸ್ ಲೌಂಜ್ ಕುರ್ಚಿಯ ಮೊದಲ ಪ್ರತಿಗಳು ಆ ಮರದವು. 2017ರಿಂದ ಬೀಟೆ ಮರದ ಕುಲಕ್ಕೆ ಸೇರಿದ ಎಲ್ಲ ಮರಗಳೂ ನಿಯಂತ್ರಿತ ಪಟ್ಟಿಯಲ್ಲಿವೆ. ಕಾಡು ಕಡಿದು ಬಂದ ಮರವಲ್ಲ ಎಂದು ರುಜುವಾತು ಕೇಳುವ ಕಾನೂನನ್ನು ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದಿತು. ಜಾರಿ ಮಾತ್ರ ಎರಡು ಸಲ ಮುಂದಕ್ಕೆ ಹೋಗಿದೆ.

ಸುಂಕದ್ದು ಇನ್ನೂ ಹಸಿ ಗಾಯ. 2025ರ ಅಕ್ಟೋಬರ್‌ನಿಂದ ಅಮೆರಿಕ ಕುಶನ್ ಇರುವ ಮರದ ಫರ್ನಿಚರ್ ಮತ್ತು ಅಡುಗೆಮನೆಯ ಕಪಾಟುಗಳ ಆಮದಿಗೆ ಶೇ. 25 ಸುಂಕ ಹಾಕಿತು. ಯುರೋಪಿಯನ್ ಒಕ್ಕೂಟದ ಮಾಲಿಗೆ ಒಪ್ಪಂದದ ಪ್ರಕಾರ ಶೇ. 15ರ ಮಿತಿ. ಅತಿ ಶ್ರೀಮಂತರಿಗೆ ಇದು ಕಾಣುವುದೂ ಇಲ್ಲ. ಪೆಟ್ಟು ಬೀಳುವುದು ಅವರ ಕೆಳಗಿನ ಸಾಲಿಗೆ. ಸಾಲ ಮಾಡಿ ಮನೆ ಕೊಂಡು, ಒಂದೇ ಒಂದು ಒಳ್ಳೆಯ ಸೋಫಾ ಇರಲಿ ಎನ್ನುವವರಿಗೆ.

ಆ ಸಾಲಿನ ಜನ ಈಗ ಸೆಕೆಂಡ್‌ಹ್ಯಾಂಡ್ ಕಡೆ ತಿರುಗುತ್ತಿದ್ದಾರೆ. ಮಿಶೆಲ್ ಡುಕಾರುವಾ 1973ರಲ್ಲಿ ರೂಪಿಸಿದ ಟೋಗೊ ಸೋಫಾದ ಹಳೆಯ ಪ್ರತಿ ಹುಡುಕುವುದೇ ಕೆಲವರಿಗೆ ಹವ್ಯಾಸ. ಹಳೆಯ ಮಾಲಿನ ಆನ್‌ಲೈನ್ ಸಂತೆ ಫಸ್ಟ್‌ಡಿಬ್ಸ್ 2021ರಲ್ಲಿ ಷೇರುಪೇಟೆಗೆ ಬಂತು. ಷೇರಿನ ಬೆಲೆ ಆಮೇಲೆ ನೆಲಕಚ್ಚಿತು, ಗಿರಾಕಿಗಳು ಉಳಿದರು. ಐವತ್ತು ವರ್ಷ ಬಾಳುವ ಕುರ್ಚಿ ಮಾಡಿದ ಕಂಪನಿಗೆ ತನ್ನದೇ ಹಳೆಯ ಕುರ್ಚಿ ಪೈಪೋಟಿಗೆ ನಿಲ್ಲುತ್ತದೆ. ವಿಟ್ರಾ ಇದಕ್ಕೆ ಕಂಡುಕೊಂಡ ದಾರಿ ಸರಳ. ಬಳಸಿದ ಮತ್ತು ಪ್ರದರ್ಶನಕ್ಕಿಟ್ಟಿದ್ದ ತನ್ನ ಸಾಮಾನನ್ನು ಪರೀಕ್ಷಿಸಿ, ದುರಸ್ತಿ ಮಾಡಿ, ಸರ್ಕಲ್ ಸ್ಟೋರ್ ಎಂಬ ತನ್ನದೇ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಮಾರುತ್ತಿದೆ.